ಇನ್ನೊಬ್ಬರ ಕಂಠದಲ್ಲಿ ನಿಲ್ಲಬೇಕು

ಪ್ರಶ್ನೆ: ಗಂಗಾವತಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ನನ್ನ ಗೆಳತಿ ಬಳ್ಳಾರಿಯಲ್ಲಿ ಕರ್ನಾಟಕ ಸಂಗೀತದ ಪಾಠ ನಡೆಸುತ್ತಾಳೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗಾಯನ ಕೇಳಿ ವಾಪಸು ಬರುವಾಗ ನಮ್ಮಿಬ್ಬರಿಗೂ ವಾದ ಹತ್ತಿತು. ಹಳೆಯ ರಚನಕಾರರಾದ ಸದಾರಂಗ, ತ್ಯಾಗರಾಜರ ಕಾಲ ಮುಗಿದ ಮೇಲೆ ರಚಿಸಿದ್ದೆಲ್ಲ ನಾಲ್ಕು ದಿನದ್ದು, ಕಾಲವೇ ಅದನ್ನು ಸೋಸಿ ಚೆಲ್ಲುತ್ತದೆ ಎನ್ನುತ್ತಾಳೆ ಅವಳು. ನನಗೆ ಒಪ್ಪಿಗೆ ಇಲ್ಲ, ಆದರೆ ಗಟ್ಟಿಯಾಗಿ ಹೆಸರು ಹೇಳಲು ಆಗಲಿಲ್ಲ. ಕಳೆದ ನೂರು ವರ್ಷದ ರಚನಕಾರರಲ್ಲಿ ಯಾರು ಉಳಿಯಬೇಕಾದವರು? ಯಾರ ರಚನೆಗಳನ್ನು ನಾನು ಮಕ್ಕಳಿಗೆ ಕಲಿಸಲಿ?

ಉತ್ತರ: ತಂಗಿ, ಯಾರ ಹೆಸರನ್ನೂ ಹೇಳುವ ಮೊದಲು ನಿಮ್ಮನ್ನು ಒಂದು ಸಲ ಮಾನ್ವಿಗೆ ಕರೆದುಕೊಂಡು ಹೋಗುತ್ತೇನೆ.

ನಮ್ಮ ರಾಯಚೂರು ಸೀಮೆ ದಾಸರ ಸೀಮೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಎಲ್ಲರೂ ಹದಿನೆಂಟನೆಯ ಶತಮಾನದಲ್ಲಿ ಹಾಡಿದವರು. ಸುಮಾರು ತ್ಯಾಗರಾಜರಿಗೆ ಹಿಂದು ಮುಂದಿನ ಕಾಲ. ಅವರ ಪದಗಳು ಇವತ್ತಿಗೂ ಭಜನಾ ಮಂಡಳಿಯ ಹೆಣ್ಣುಮಕ್ಕಳಿಗೆ ಪುಸ್ತಕ ನೋಡದೆ ಬರುತ್ತವೆ. ಸುಳಾದಿಗಳ (ಹಲವು ತಾಳಗಳಲ್ಲಿ ಹಾಡುವ ದೀರ್ಘ ಪದಗಳ) ಹಸ್ತಪ್ರತಿಗಳಲ್ಲಿ ರಾಗದ ಹೆಸರಿದೆ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳದ ಹೆಸರಿದೆ. ಆದರೆ ದಾಸರು ಯಾವ ಸ್ವರದಿಂದ ಎತ್ತಿಕೊಂಡರು, ಎಲ್ಲಿ ನಿಂತರು, ಎಲ್ಲಿ ಇಳಿದರು ಎಂಬುದು ಬಹುಪಾಲು ನಮ್ಮವರೆಗೆ ಬರಲಿಲ್ಲ. ನಾನು ಒಂದೇ ಪದವನ್ನು ಒಂದೇ ವಾರದಲ್ಲಿ ಭೀಮಪಲಾಸದಲ್ಲಿ ಕೇಳಿದ್ದೇನೆ, ಇನ್ನೊಂದು ಮನೆಯಲ್ಲಿ ಸಿನಿಮಾ ಧಾಟಿಯಲ್ಲಿ ಕೇಳಿದ್ದೇನೆ. ಹಾಡುವವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಮಾತು ಉಳಿದಿತ್ತು, ಧಾತು, ಅಂದರೆ ಸ್ವರದ ಕಟ್ಟು, ಹೋಗಿತ್ತು, ಅಷ್ಟೇ.

ಅತ್ತ ಕಾವೇರಿ ದಡದಲ್ಲಿ ತ್ಯಾಗರಾಜರ ಧಾತು ಉಳಿಯಿತು. ವಾಲಾಜಾಪೇಟೆ, ಉಮಯಾಳ್‌ಪುರ, ತಿಲ್ಲೈಸ್ಥಾನದ ಶಿಷ್ಯರು ಕೂತು ಕಲಿತರು, ಬರೆದಿಟ್ಟರು, ಮುಂದಿನವರಿಗೆ ಕಲಿಸಿದರು. ಮುತ್ತುಸ್ವಾಮಿ ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ. ಅವರ ಕೃತಿಗಳು ಸ್ವರಲಿಪಿಯೊಂದಿಗೆ ದೊಡ್ಡ ಗ್ರಂಥವಾಗಿ ಅಚ್ಚಾದದ್ದು 1904ರಲ್ಲಿ, ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ತಮ್ಮ ವೃದ್ಧಾಪ್ಯದಲ್ಲಿ ಪಟ್ಟ ಶ್ರಮದಿಂದ. ಆ ಮುದುಕರು ಕೈ ಚೆಲ್ಲಿದ್ದರೆ ನಿಮ್ಮ ಗೆಳತಿ ಇವತ್ತು ಹಾಡುವ ಎಷ್ಟೋ ದೀಕ್ಷಿತ ಕೃತಿಗಳಿಗೆ ನಮ್ಮ ದಾಸರ ಪದಗಳ ಗತಿಯೇ ಬರುತ್ತಿತ್ತು. ಕಾಲ ಸೋಸುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಜರಡಿ ಹಿಡಿದ ಕೈ ಪಾಠ ಹೇಳುವವರದು. ಅಂದರೆ ನಿಮ್ಮದು, ನಿಮ್ಮ ಗೆಳತಿಯದು, ನನ್ನದು.

ಹಾಗಾದರೆ ಯಾವುದನ್ನು ಹಿಡಿದಿಡಬೇಕು? ನನ್ನ ಪರೀಕ್ಷೆ ಒಂದೇ. ರಚಿಸಿದವರ ಕಂಠವನ್ನು, ಅವರ ಕೀರ್ತಿಯನ್ನು, ಅವರ ಧ್ವನಿಮುದ್ರಿಕೆಯನ್ನು ಪಕ್ಕಕ್ಕಿಡಿ. ಬರೀ ಸ್ವರಲಿಪಿಯನ್ನು ಶ್ರದ್ಧೆ ಇರುವ, ಆದರೆ ಅಸಾಮಾನ್ಯಳೇನೂ ಅಲ್ಲದ ವಿದ್ಯಾರ್ಥಿನಿಯ ಕೈಗೆ ಕೊಡಿ. ಆಕೆ ಆರು ವಾರ ರಿಯಾಜ್ ಮಾಡಿ ಹಾಡಿದಾಗ ರಾಗ ಎದ್ದು ಬಂದರೆ ಆ ರಚನೆ ಉಳಿಯತಕ್ಕದ್ದು. ಹೊಸ ರಾಗ ಕಟ್ಟಿದವರಾದರೆ ಇನ್ನೂ ಒಂದು ಪ್ರಶ್ನೆ ಕೇಳಿ: ಆ ರಾಗದಲ್ಲಿ ಇನ್ನೊಬ್ಬ ದೊಡ್ಡವರು ತಮ್ಮದೇ ರಚನೆ ಮಾಡಲು ಮನಸ್ಸು ಮಾಡಿದರೇ?

ಈ ಎರಡನ್ನೂ ನಿಚ್ಚಳವಾಗಿ ಗೆದ್ದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945). ಮೈಸೂರು ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಅಷ್ಟೋತ್ತರದ ಮೇಲೆ 108 ಕೃತಿಗಳನ್ನು, ಅದೂ ಕನ್ನಡದಲ್ಲಿ, ರಚಿಸಿದವರು. ತಮಿಳುನಾಡಿನ ಕಛೇರಿಗಳಲ್ಲಿ ಇವತ್ತಿಗೂ ಕೇಳಿಬರುವ ‘ಭುವನೇಶ್ವರಿಯ ನೆನೆ ಮಾನಸವೇ’ ಅವರದು, ಮೋಹನಕಲ್ಯಾಣಿ ರಾಗದ್ದು. ಆ ರಾಗವೂ ಅವರದೇ: ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ಹೇಳಲು ಸುಲಭ. ನಿಮ್ಮ ಹಿಂದೂಸ್ತಾನಿ ಕಿವಿಗೆ ಶುದ್ಧ ಕಲ್ಯಾಣದ ನೆನಪು ಬರುತ್ತದೆ. ಅಕ್ಕಪಕ್ಕದಲ್ಲೇ ಇದ್ದ ಎರಡು ಹಳೆಯ ರಾಗಗಳ ನಡುವೆ ಇಷ್ಟು ಸಲೀಸಾದ ದಾರಿ ಇದೆ ಎಂದು ಕಂಡುಹಿಡಿಯುವುದೇ ರಚನಕಾರನ ಕೆಲಸ. ದಶಕಗಳ ನಂತರ ಪಿಟೀಲಿನ ಲಾಲ್‌ಗುಡಿ ಜಯರಾಮನ್ (1930–2013) ಅದೇ ಮೋಹನಕಲ್ಯಾಣಿಯಲ್ಲಿ ಒಂದು ತಿಲ್ಲಾನ (ಲಯದ ಸೊಲ್ಲುಗಳ ಚುರುಕಾದ ರಚನೆ) ರಚಿಸಿದರು. ಒಬ್ಬರು ಕಟ್ಟಿದ ಮನೆಗೆ ಇನ್ನೊಬ್ಬರು ಸಂಸಾರ ಸಮೇತ ಬಂದು ಇಳಿದ ಹಾಗಾಯಿತು. ಲಾಲ್‌ಗುಡಿಯವರ ತಿಲ್ಲಾನ, ವರ್ಣಗಳ (ಸಾಮಾನ್ಯವಾಗಿ ಕಛೇರಿಯ ಆರಂಭದಲ್ಲಿ ಹಾಡುವ ರಚನೆಗಳ) ಬಗ್ಗೆ ನನಗೆ ಅನುಮಾನವೇ ಇಲ್ಲ. ಅವರ ಹೆಸರು ಕೇಳದ ಭರತನಾಟ್ಯದ ಮಕ್ಕಳು ಕೂಡ ಅವರ ತಿಲ್ಲಾನಕ್ಕೆ ಹೆಜ್ಜೆ ಹಾಕುತ್ತಾರೆ. ಚಾರುಕೇಶಿಯ ವರ್ಣವನ್ನು ಒಮ್ಮೆ ಸಾವಧಾನವಾಗಿ ಕೇಳಿ. ಆ ರಾಗದ ಅಳು ಮತ್ತು ಸೊಗಸು ಎರಡನ್ನೂ ಒಂದೇ ಎಳೆಯಲ್ಲಿ ಹಿಡಿದಿದ್ದಾರೆ.

ಮೈಸೂರು ವಾಸುದೇವಾಚಾರ್ಯರ (1865–1961) ಮಾತು ಬೇರೆ. ಅವರು ಹೊಸದೇನನ್ನೂ ಸಾಧಿಸಲು ಹೊರಟವರಲ್ಲ. ಗುರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಮೂಲಕ ತ್ಯಾಗರಾಜರ ಶಿಷ್ಯಪರಂಪರೆಗೇ ಸೇರಿದವರು. ‘ಬ್ರೋಚೇವಾರೆವರುರಾ’ ತ್ಯಾಗರಾಜರದೆಂದೇ ತಿಳಿದು ಹಾಡುವ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಚರಣದಲ್ಲಿ ಆನೆಯ ರಾಜನನ್ನು ಧಾವಿಸಿ ಬಂದು ಕಾಪಾಡಿದ ‘ವಾಸುದೇವ’ ಎಂದು ಬರುತ್ತದೆ. ಅದು ದೇವರ ಹೆಸರೂ ಹೌದು, ಆಚಾರ್ಯರ ಅಂಕಿತವೂ ಹೌದು. ಅರ್ಥದೊಳಗೇ ತಮ್ಮನ್ನು ಇಷ್ಟು ಸಣ್ಣದಾಗಿ ಅಡಗಿಸಿಟ್ಟುಕೊಂಡವರು. ಹಾಡಿಸುವಾಗ ಆ ಪದದ ಮೇಲೆ ಮಕ್ಕಳನ್ನು ಒಂದು ಕ್ಷಣ ನಿಲ್ಲಿಸಿ, ಇದು ಯಾರು ಎಂದು ಕೇಳಿ. ಹೊಸತನ ಇಲ್ಲದ ಮಾತ್ರಕ್ಕೆ ಅವರನ್ನು ಎರಡನೆಯ ಸಾಲಿಗೆ ಕೂರಿಸುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಖಮಾಚಿನ ಮುದ್ದನ್ನು ಹಾಗೆ ತೋರಿಸಿದ ಕೃತಿಗೆ ಬೇರೆ ಸಮರ್ಥನೆ ಬೇಡ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ರಾಯಚೂರು ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಬಳ್ಳಾರಿ ಸಹೋದರರು ಕರ್ನಾಟಕ ಸಂಗೀತದಲ್ಲಿ ಹೆಸರು ಮಾಡಿದರೆ, ಅದೇ ಜಿಲ್ಲೆಯ ಲಕ್ಷ್ಮೀಪುರದ ವೆಂಕಟೇಶ್ ಕುಮಾರ್ ಗದಗಿನ ಪುಟ್ಟರಾಜ ಗವಾಯಿಗಳ ಬಳಿ ಹೋಗಿ ಹಿಂದೂಸ್ತಾನಿ ಕಲಿತರು. ಒಂದು ಹೊಳೆ ದಾಟಿದರೆ ಕಿವಿಯೇ ಬದಲಾಗುವ ನಾಡು ನಮ್ಮದು. ನೀವು ಗೆಳತಿಯರು ಜಗಳ ಆಡಿದ್ದೂ ಒಂದು ರೀತಿಯಲ್ಲಿ ಆ ಗಡಿಯ ಮೇಲೇ.

ಹಿಂದೂಸ್ತಾನಿಯಲ್ಲಿ ಒಬ್ಬರ ಹೆಸರು ಮಾತ್ರ ಹೇಳಿ ಎಂದರೆ ನಾನು ಜಗನ್ನಾಥಬುವಾ ಪುರೋಹಿತರ (1904–1968) ಹೆಸರು ಹೇಳುತ್ತೇನೆ. ಅಂಕಿತ ‘ಗುಣಿದಾಸ’. ಜಿತೇಂದ್ರ ಅಭಿಷೇಕಿ, ಸಿ. ಆರ್. ವ್ಯಾಸ್, ಮಾಣಿಕ್ ವರ್ಮಾ ಅವರಂಥವರಿಗೆ ಕಲಿಸಿದವರು. ತಮಗಾಗಿ ದೊಡ್ಡ ಗಾಯಕನ ಕೀರ್ತಿ ಗಳಿಸಿಕೊಳ್ಳಲಿಲ್ಲ. ಅವರು ಕಟ್ಟಿದ ರಾಗ ಜೋಗಕೌಂಸ್‌ನಲ್ಲಿ ಜೋಗ್‌ನ ಎರಡು ಗಾಂಧಾರಗಳು (ಗ ಸ್ವರದ ಶುದ್ಧ, ಕೋಮಲ ರೂಪಗಳು) ಚಂದ್ರಕೌಂಸ್‌ನ ಶುದ್ಧ ನಿಷಾದದೊಂದಿಗೆ ಸೇರುತ್ತವೆ. ಕಾಗದದ ಮೇಲೆ ಇದು ಜೋಡಿಸಿದ ರಾಗ. ಹಾಡಿದಾಗ ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು. ಶುದ್ಧ ಗಾಂಧಾರದಿಂದ ಮಧ್ಯಮಕ್ಕೆ ಬಂದು, ಇಳಿಯುವಾಗ ಕೋಮಲ ಗಾಂಧಾರವನ್ನು ಮುಟ್ಟಿ ಷಡ್ಜಕ್ಕೆ ಬರುವಾಗ ಮನಸ್ಸಿಗೆ ಏನೋ ತಟ್ಟುತ್ತದೆ. ಇಂದು ಬೇರೆ ಬೇರೆ ಘರಾಣೆಗಳ ಗಾಯಕರು, ಸಿತಾರು ಸರೋದಿನವರು ಎಲ್ಲ ಈ ರಾಗವನ್ನು ತಮ್ಮದೇ ಎಂಬಂತೆ ಎತ್ತಿಕೊಳ್ಳುತ್ತಾರೆ. ಹಳೆಯ ಕಾಲದ್ದೆಂದೇ ಹಲವರು ನಂಬಿದ್ದಾರೆ. ರಚನಕಾರನಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವುದು?

ಆ ರಾಗದ ಅವರ ದ್ರುತ್ ಬಂದಿಶ್ (ವೇಗದ ಲಯದ ಖ್ಯಾಲ್ ರಚನೆ) ‘ಪೀರ ಪರಾಯಿ ಜಾನೇ ನಾಹಿ’ಯನ್ನು ನಾನು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಒಬ್ಬಳು ಹುಡುಗಿ, ಸಿಂಧನೂರಿನ ಹತ್ತಿರದ ಹಳ್ಳಿಯವಳು, ಮೂರನೆಯ ದಿನ ಅರ್ಥ ಕೇಳಿದಳು. “ಅವನಿಗೆ ಇನ್ನೊಬ್ಬರ ನೋವು ಗೊತ್ತಾಗಂಗಿಲ್ಲ ಅಂತ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹಾಡಿದಳು. ಅದುವರೆಗೆ ಲೆಕ್ಕ ಹಾಕಿಕೊಂಡು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬರುತ್ತಿದ್ದವಳು ಆ ಸಲ ತಾನಾಗಿಯೇ ಬಂದು ನಿಂತಳು. ಮಾತು ಮತ್ತು ಸ್ವರ ಒಂದೇ ಕಡೆಗೆ ವಾಲಿದ್ದರೆ ಮಾತ್ರ ಹೀಗಾಗುತ್ತದೆ. ಬ್ರಜ ಭಾಷೆಯ ಸಾಹಿತ್ಯವನ್ನು ಅರ್ಥ ಹೇಳದೆ ಗಿಳಿಪಾಠ ಮಾಡಿಸುವ ರೂಢಿ ನಮ್ಮ ಕಡೆ ಬಹಳ ಇದೆ. ದಯವಿಟ್ಟು ಅದನ್ನು ಮುರಿಯಿರಿ.

ಗುಣಿದಾಸರ ಪಕ್ಕದಲ್ಲೇ ಅಲಹಾಬಾದಿನ ರಾಮಾಶ್ರಯ ಝಾ ‘ರಾಮರಂಗ’ (1928–2009) ಅವರನ್ನು ಕೂರಿಸುತ್ತೇನೆ. ‘ಅಭಿನವ ಗೀತಾಂಜಲಿ’ಯ ಐದು ಭಾಗಗಳಲ್ಲಿ ಒಂದೊಂದೇ ರಾಗವನ್ನು ಬಿಡಿಸಿ, ಹಳೆಯದರ ಜೊತೆ ತಮ್ಮ ಬಂದಿಶ್‌ಗಳನ್ನೂ ಸ್ವರಲಿಪಿ ಸಮೇತ ಕೊಟ್ಟಿದ್ದಾರೆ. ಇವರದು ಶಿಕ್ಷಕನ ಪ್ರತಿಭೆ. ಮುಖಡಾ, ಅಂದರೆ ಮೊದಲ ಸಾಲು, ಹಾಡಿ ಮುಗಿಸುವಷ್ಟರಲ್ಲಿ ರಾಗದ ಚಲನ್ (ನಡೆ) ವಿದ್ಯಾರ್ಥಿಯ ಬಾಯಿಗೆ ಬಂದುಬಿಟ್ಟಿರುತ್ತದೆ. ನಿಮ್ಮ ಹಾಗೆ ಊರಲ್ಲಿ ಕೂತು ಪಾಠ ಹೇಳುವವರಿಗೆ ಇವರಷ್ಟು ಉಪಕಾರ ಮಾಡಿದ ಆಧುನಿಕರು ಕಡಿಮೆ. ಶ್ರೀಕೃಷ್ಣ ರಾತಂಜನಕರ್ (1900–1974), ಅಂಕಿತ ‘ಸುಜಾನ’, ರಾಗಶುದ್ಧಿಯಲ್ಲಿ ಇವರಿಗೆ ಕಡಿಮೆಯಲ್ಲ. ಆದರೆ ಅವರ ಎಷ್ಟೋ ರಚನೆಗಳಲ್ಲಿ ನನಗೆ ಪಂಡಿತರ ಬುದ್ಧಿ ಮೊದಲು ಕೇಳುತ್ತದೆ, ಹಾಡು ಆಮೇಲೆ. ಆಯ್ದು ಕಲಿಸಿ.

ಕುಮಾರ ಗಂಧರ್ವರ (1924–1992) ವಿಷಯದಲ್ಲಿ ನಾನು ಅಭಿಪ್ರಾಯ ಬದಲಿಸಿಕೊಂಡಿದ್ದೇನೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಕ್ಷಯರೋಗದಿಂದ ದೇವಾಸದಲ್ಲಿ ವರ್ಷಗಟ್ಟಲೆ ಹಾಡಲಾಗದೆ ಮಲಗಿದ್ದರು. ಆಗ ಮಾಳವದ ಹಳ್ಳಿ ಹೆಂಗಸರ ಹಾಡು ಅವರ ಕಿವಿಗೆ ಬೀಳುತ್ತಿತ್ತು. ಎದ್ದ ಮೇಲೆ ಆ ಧಾಟಿಗಳೊಳಗಿಂದ ಮಾಲವತಿ, ಸಹೇಲಿ ತೋಡಿ, ಲಗನ ಗಂಧಾರದಂಥ ರಾಗಗಳನ್ನು ಎತ್ತಿದರು. ‘ಅನೂಪರಾಗವಿಲಾಸ’ದಲ್ಲಿ ತಮ್ಮ ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಕೊಟ್ಟರು. ಇದು ಅವರ ಜೊತೆಗೇ ಮುಗಿಯುವ ಸಂಗೀತ ಎಂದು ನಾನು ಬಹಳ ವರ್ಷ ವಾದಿಸಿದವನು. ಕಾರಣ ನನ್ನೊಬ್ಬ ಶಿಷ್ಯ. ಧ್ವನಿಮುದ್ರಿಕೆ ಕೇಳಿ ಕೇಳಿ ಅವರ ಹಾಗೆಯೇ ಚಿಕ್ಕ ಚಿಕ್ಕ ತುಣುಕುಗಳಲ್ಲಿ, ತಟಕ್ಕನೆ ನಿಲ್ಲಿಸಿ ಹಾಡುತ್ತಿದ್ದ. ಕುಮಾರರಿಗೆ ಹಾಗೆ ಹಾಡುವ ದಾರಿ ಕಾಯಿಲೆಯಿಂದ ಕುಗ್ಗಿದ ಉಸಿರಿನಿಂದ ಬಂದದ್ದು. ಇವನಿಗೋ ಎರಡೂ ಪುಪ್ಪುಸ ಗಟ್ಟಿ. ಕೇಳಿ ನನಗೆ ಸಂಕಟವಾಗುತ್ತಿತ್ತು.

ಆಮೇಲೆ ಒಂದು ಬೇಸಿಗೆ, ಅವರ ಧ್ವನಿಯನ್ನೇ ಕೇಳಿರದ ಒಬ್ಬ ವಿದ್ಯಾರ್ಥಿನಿಗೆ ಬರೀ ಸ್ವರಲಿಪಿ ಕೊಟ್ಟು ಸಹೇಲಿ ತೋಡಿಯ ಬಂದಿಶ್ ಕಲಿಸಿದೆ. ಆಕೆ ತನ್ನ ಉದ್ದನೆಯ ಉಸಿರಿನಲ್ಲಿ, ನಮ್ಮ ಕಡೆಯ ನಿಧಾನದಲ್ಲಿ ಹಾಡಿದಳು. ಅದು ಬೇರೆಯೇ ಕೇಳಿತು, ಆದರೂ ರಾಗ ಅಲ್ಲಾಡಲಿಲ್ಲ. ಆ ದಿನ ನನಗೆ ಗೊತ್ತಾದದ್ದು ಇಷ್ಟು: ಕುಮಾರರ ಶೈಲಿಯನ್ನು ನಕಲು ಮಾಡುವುದು ಅವರ ರಚನೆಗೆ ಮಾಡುವ ಅನ್ಯಾಯ. ಶೈಲಿ ಅವರ ದೇಹದ್ದು, ಬಂದಿಶ್ ನಮ್ಮೆಲ್ಲರದು. ನೀವು ಕಲಿಸುವುದಾದರೆ ಸ್ವರಲಿಪಿಯಿಂದ ಕಲಿಸಿ, ಧ್ವನಿಮುದ್ರಿಕೆಯನ್ನು ಕೊನೆಗೆ ಕೇಳಿಸಿ.

ಕರ್ನಾಟಕ ಸಂಗೀತದ ಗಾಯಕ ಬಾಲಮುರಳಿಕೃಷ್ಣರ (1930–2016) ಬಗ್ಗೆ ನಿಮ್ಮ ಗೆಳತಿ ಖಂಡಿತ ಕೇಳುತ್ತಾಳೆ. ಹರೆಯದಲ್ಲೇ 72 ಮೇಳಕರ್ತ (ಮೂಲ) ರಾಗಗಳಲ್ಲೂ ಕೃತಿ ರಚಿಸಿದ ಮೇಧಾವಿ. ನಾಲ್ಕೇ ಸ್ವರದ ಮಹತಿ, ಲವಂಗಿ, ಮೂರೇ ಸ್ವರದ ಸರ್ವಶ್ರೀ ಎಂದು ರಾಗಗಳನ್ನು ಕೊಟ್ಟರು. ಮೂರು ನಾಲ್ಕು ಸ್ವರದ್ದು ರಾಗವೇ ಅಲ್ಲ ಎಂದು ವೀಣೆಯ ಎಸ್. ಬಾಲಚಂದರ್ ಜಗಳಕ್ಕೇ ನಿಂತಿದ್ದರು. ನಾನು ಶಾಸ್ತ್ರದ ಆ ತಕರಾರಿಗೆ ಹೋಗುವುದಿಲ್ಲ. ಆ ಇಕ್ಕಟ್ಟಾದ ಜಾಗದಲ್ಲಿ ಉಸಿರುಕಟ್ಟದೆ ಓಡಾಡಬಲ್ಲ ಕಂಠ ಅವರದೊಂದೇ ಆಗಿತ್ತು. ಇತರರು ಅಲ್ಲಿ ಹೊಸ ಮನೆ ಹೂಡಿದ್ದನ್ನು ನಾನು ಹೆಚ್ಚು ಕಾಣೆ. ರಾಗಗಳಿಗಿಂತ ಅವರ ತಿಲ್ಲಾನಗಳು ಉಳಿಯಲಿ. ಬೃಂದಾವನಿಯದು, ಕಥನಕುತೂಹಲದ್ದು, ಎರಡನ್ನೂ ಸಣ್ಣ ಮಕ್ಕಳು ಕೂಡ ಮುಖ ಅರಳಿಸಿಕೊಂಡು ಹಾಡುತ್ತಾರೆ. ಗಾಯಕ ಎಂ. ಡಿ. ರಾಮನಾಥನ್ ಅವರ ವಿಷಯದಲ್ಲೂ ಕಂಠ ಮತ್ತು ರಚನೆಯನ್ನು ಬೇರ್ಪಡಿಸುವುದು ಕಷ್ಟ. ಅವರನ್ನು ಕೇಳಿ ಆನಂದಿಸೋಣ, ಪಾಠಕ್ಕೆ ಅವಸರ ಬೇಡ.

ಒಬ್ಬರ ಬಗ್ಗೆ ನನಗೆ ಬೇಸರವಿದೆ. ಜಯಚಾಮರಾಜ ಒಡೆಯರ್ (1919–1974) ಶ್ರೀವಿದ್ಯೆಯ (ದೇವಿಯ ಆರಾಧನೆಯ ಪಂಥದ) ಉಪಾಸಕರಾಗಿ 94 ಕೃತಿಗಳನ್ನು ರಚಿಸಿದರು. ಪಾಶ್ಚಾತ್ಯ ಸಂಗೀತದಲ್ಲೂ ಆಳವಾದ ಅಭಿರುಚಿ. ರಷ್ಯಾದ ಮೆಟ್ನರ್ ಎಂಬ ರಚನಕಾರ ಲಂಡನ್ನಿನಲ್ಲಿ ಮರೆತುಹೋಗುತ್ತಿದ್ದಾಗ ಅವರ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟದ್ದು ಈ ಮಹಾರಾಜರು. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರಲ್ಲಿ, ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದವು. ಅದಕ್ಕೂ ಇವರದೇ ಹಣದ ಆಸರೆ. ಇಂದು ಜಗತ್ತೇ ತಲೆದೂಗುವ ರಚನೆಗಳು ಅವು. ಪರದೇಶದ ಇಬ್ಬರ ರಚನೆಗಳಿಗೆ ಆಸರೆಯಾದವರ ಸ್ವಂತ ಕೃತಿಗಳಲ್ಲಿ ಅಠಾಣದ ‘ಶ್ರೀ ಮಹಾಗಣಪತಿಂ ಭಜೇಹಂ’ ಬಿಟ್ಟರೆ ನಮ್ಮ ಮಕ್ಕಳಿಗೆ ಯಾವುದೂ ತಿಳಿಯದು. ಸಂಸ್ಕೃತದ ಸಾಹಿತ್ಯ ಬಿಗಿ, ರಾಗಗಳು ಅಪರೂಪ, ಕಲಿಯಲು ಬೆವರು ಹರಿಸಬೇಕು, ಇದೆಲ್ಲ ನಿಜ. ಎಲ್ಲ 94 ಉಳಿಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಹಾಡಿಯೇ ನೋಡದೆ ಜರಡಿಯಿಂದ ಆಚೆ ಸುರಿದಿದ್ದೇವೆ. ಇದನ್ನು ನಿಮ್ಮ ಗೆಳತಿಗೆ ವಹಿಸಿ.

ಇನ್ನು ಪಟ್ಟಿಗಳಲ್ಲಿ ಯಾರೂ ಸೇರಿಸದವರ ಮಾತು. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ಅಲ್ಲಿ ಶಾಲಾ ದಿನಾಚರಣೆಗೆ ಬರುವ ಎಷ್ಟು ತಂದೆತಾಯಿಗಳಿಗೆ ಆ ಹೆಸರು ಗೊತ್ತು? ವಚನಗಳೂ ದಾಸರ ಪದಗಳ ಹಾಗೆ ಧಾತು ಕಳೆದುಕೊಂಡು ನಮಗೆ ಬಂದವು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಜಂಬಲದಿನ್ನಿ ಅವರಂಥವರು ಇಪ್ಪತ್ತನೆಯ ಶತಮಾನದಲ್ಲಿ ಅವಕ್ಕೆ ಮತ್ತೆ ರಾಗದ ಮೈ ಕೊಟ್ಟು ಹಾಡಿದರು. ಛಂದಸ್ಸಿನ ಕಟ್ಟಿಲ್ಲದ ಗದ್ಯದಂಥ ಮಾತನ್ನು ತಾಳದಲ್ಲಿ ಕೂರಿಸಿ, ಅರ್ಥ ಎಲ್ಲೂ ತುಂಡಾಗದ ಹಾಗೆ ಉಸಿರಿಗೆ ಜಾಗ ಮಾಡಿ, ‘ಕೂಡಲಸಂಗಮದೇವ’ ಎಂಬಲ್ಲಿ ರಾಗವನ್ನೂ ಮನೆಗೆ ತಂದು ನಿಲ್ಲಿಸುವುದು ಸಣ್ಣ ಕೆಲಸವೇ? ನನಗೆ ಇದು ಪೂರಾ ರಚನೆ. ಬಂದಿಶ್ ಕಟ್ಟಿದವರಿಗೆ ಸಲ್ಲುವ ಗೌರವ ಇವರಿಗೂ ಸಲ್ಲಬೇಕು. ನಮ್ಮ ಮಕ್ಕಳು ಹಾಡುವಾಗ ‘ಬಸವಣ್ಣನವರ ವಚನ’ ಎನ್ನುತ್ತಾರೆ, ರಾಗ ಹೇಳುತ್ತಾರೆ, ಧಾಟಿ ಯಾರದೆಂದು ಹೇಳುವುದಿಲ್ಲ. ನಾವು ಹೇಳಿಕೊಟ್ಟಿಲ್ಲ.

ಆದ್ದರಿಂದ ಈ ವರ್ಷ ಹೀಗೆ ಮಾಡಿ ನೋಡಿ. ಸದಾರಂಗರ ಬಂದಿಶ್‌ಗಳನ್ನು ಬಿಡಬೇಡಿ, ಅಡಿಪಾಯ ಅದೇ. ಭೂಪ, ಯಮನ್ ರಾಗ ಕಲಿತಾದ ಮಕ್ಕಳಿಗೆ ರಾಮರಂಗರ ಒಂದು ಛೋಟಾ ಖ್ಯಾಲ್ ಕೊಡಿ. ಕಂಠ ಪಳಗಿದ ದೊಡ್ಡ ಮಕ್ಕಳಿಗೆ ಮಾತ್ರ ಜೋಗಕೌಂಸ್. ಎರಡು ಗಾಂಧಾರ ನಿಲ್ಲದವರಿಗೆ ಕೊಟ್ಟರೆ ರಾಗ ಕೆಡುತ್ತದೆ, ಮಗುವಿನ ಧೈರ್ಯವೂ ಕುಗ್ಗುತ್ತದೆ. ಒಂದು ಭಾನುವಾರ ಗೆಳತಿಯನ್ನು ಗಂಗಾವತಿಗೆ ಕರೆಸಿ, ಭೂಪ (ಅವರ ಮೋಹನ) ಬಲ್ಲ ನಿಮ್ಮ ಮಕ್ಕಳಿಗೆ ಅವಳು ಮೋಹನಕಲ್ಯಾಣಿಯ ಭುವನೇಶ್ವರಿ ಕೃತಿಯ ಪಲ್ಲವಿ ಕಲಿಸಲಿ. ಸಾಹಿತ್ಯ ಕನ್ನಡ, ಬೇಗ ಹತ್ತುತ್ತದೆ. ಬದಲಿಗೆ ನೀವು ಬಳ್ಳಾರಿಗೆ ಹೋಗಿ ಅವಳ ಮಕ್ಕಳಿಗೆ ಕಲಾವತಿಯ ಒಂದು ಬಂದಿಶ್ ಹೇಳಿ. ಅವರ ವಲಜಿ ಅದೇ ಸ್ವರಗಳದ್ದು, ಲಾಲ್‌ಗುಡಿಯವರ ವಲಜಿ ವರ್ಣ ಕಲಿತವರು ಯಾರಾದರೂ ಇದ್ದರೆ ಎರಡನ್ನೂ ಒಂದರ ಹಿಂದೊಂದು ಹಾಡಿಸಿ.

ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಸಾಹಿತ್ಯದ ಮೇಲೆ ನಾಲ್ಕು ಸಾಲು ಬರೆಸಿ: ರಾಗ, ತಾಳ, ಸ್ವರ ಕಟ್ಟಿದವರು, ಯಾರಿಂದ ಕಲಿತದ್ದು. ಮೂರನೆಯ ಸಾಲಿಗೆ ಉತ್ತರ ಸಿಗದಿದ್ದರೆ ಖಾಲಿ ಬಿಡಲಿ, ನಾಲ್ಕನೆಯದನ್ನು ಮಾತ್ರ ಬಿಡಬಾರದು. ಸ್ವರಲಿಪಿಯನ್ನು ಮಕ್ಕಳೇ ಬರೆಯಲಿ, ಝೆರಾಕ್ಸ್ ಬೇಡ. ಮುಂದಿನ ಜಾತ್ರೆಯ ಹೊತ್ತಿಗೆ ಯಾವ ರಚನೆ ಮಕ್ಕಳ ಬಾಯಲ್ಲಿ ನಿಂತಿತು, ಯಾವುದು ನಿಲ್ಲಲಿಲ್ಲ ಎಂದು ನನಗೆ ಬರೆಯಿರಿ. ನಾನು ಹೊಗಳಿದ್ದೇ ನಿಲ್ಲದಿದ್ದರೆ ಅದನ್ನೂ ಮರೆಮಾಚದೆ ಬರೆಯಿರಿ.